ಕಾರ್ಬ್ಯುರೇಟರಿನ ಕಿರುಬಾಯಿ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯಿಂದ)

ಹಳೆಯ ಕಾರುಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವುಗಳ ಬಣ್ಣ, ಅವುಗಳ ಮೈಮಾಟ, ಅವುಗಳಲ್ಲಿ ಕುಳಿತು ಓಡಾಡಿದ ದೊಡ್ಡವರು, ಇವುಗಳ ವಿಷಯವಾಗಿ ಬರೆಯುತ್ತಾರೆ. ನಾನು ಅಂಥ ಒಂದು ಕಾರಿನ ಒಳಗಿರುವ ಸಣ್ಣದೊಂದು ರಂಧ್ರದ ಪರವಾಗಿ ವಾದಿಸಲು ಹೊರಟಿದ್ದೇನೆ. ಆ ರಂಧ್ರ ಬಲು ಚಿಕ್ಕದಾಯಿತೆಂದು ದೂರುವವರು ಮೊದಲಿನಿಂದಲೂ ಇದ್ದಾರೆ. ಅದನ್ನು ದೊಡ್ಡದು ಮಾಡಲು ಹೋಗಿ ಎಂಜಿನ್ನನ್ನೇ ಕಳೆದುಕೊಂಡವರೂ ಇದ್ದಾರೆ. ಅದು ಚಿಕ್ಕದಾಗಿರುವುದೇ ಸರಿ ಎಂಬುದು ನನ್ನ ಪಕ್ಷ. ಬಿ. ಎ. ಓದುವವನಿಗೆ ಈ ಉಸಾಬರಿ ಏಕೆ ಎಂದು ಕೇಳುವವರಿಗೆ ಉತ್ತರವನ್ನು ಮುಂದೆ ಹೇಳುತ್ತೇನೆ. ಮೊದಲು ಕಾರಿನ ಮಾತು.

ಕಾರಿನ ಹೆಸರು ಕಾರ್ವೇರ್. ಅಮೆರಿಕದ ಷೆವ್ರೊಲೆ ಕಂಪನಿಯು 1960ನೆಯ ಮಾದರಿಯಿಂದ 1969ರವರೆಗೆ ಇದನ್ನು ತಯಾರಿಸಿತು. ಒಟ್ಟು ಹದಿನೆಂಟು ಲಕ್ಷದಷ್ಟು ಕಾರುಗಳು ಹೊರಬಂದವು. ಆ ದೇಶದ ಇತರ ಕಾರುಗಳಲ್ಲಿ ಎಂಜಿನ್ನು ಮುಂದೆ, ಅದರ ಮುಂದೆ ನೀರಿನ ರೇಡಿಯೇಟರು. ಇದರಲ್ಲಿ ಎಂಜಿನ್ನು ಹಿಂದೆ, ನೀರಿನ ಸುಳಿವೇ ಇಲ್ಲ. ಮೂರು ಮೂರಾಗಿ ಎರಡು ಕಡೆಗೆ ಮಲಗಿದ ಆರು ಸಿಲಿಂಡರುಗಳು. ಅವುಗಳ ಮೇಲೆ ಅಡ್ಡಲಾಗಿ ಮಲಗಿರುವ ಒಂದು ಫ್ಯಾನು. ಆ ಫ್ಯಾನನ್ನು ತಿರುಗಿಸಲು ಲಂಬವಾಗಿ ಹೊರಟು ಅಡ್ಡಕ್ಕೆ ಹೊರಳುವ ಒಂದು ಬೆಲ್ಟು. ಅಲ್ಯೂಮಿನಿಯಮ್ ಹೆಡ್ಡುಗಳ ರೆಕ್ಕೆಗಳ ನಡುವೆ ಗಾಳಿ ಹರಿದು ಬೇಗೆಯನ್ನು ಒಯ್ಯಬೇಕು. ಈ ಕಾರಿನ ಹಿಂಚಕ್ರಗಳ ವ್ಯವಸ್ಥೆಯನ್ನು ರಾಲ್ಫ್ ನೇಡರ್ 1965ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. 1972ರಲ್ಲಿ ಅಮೆರಿಕ ಸರ್ಕಾರದ ವರದಿಯೊಂದು, 1960ರಿಂದ 1963ರ ಈ ಕಾರುಗಳು ಆ ಕಾಲದ ಬೇರೆ ಕಾರುಗಳಿಗಿಂತ ಕಡೆಯೇನಲ್ಲ ಎಂದಿತು. ಆ ಜಗಳ ದೊಡ್ಡದು. ನನ್ನ ಜಗಳ ಬೇರೆ.

1962ರಲ್ಲಿ ಈ ಕಾರಿಗೆ ಒಂದು ಟರ್ಬೊಚಾರ್ಜರು ಬಂದಿತು. ಎಂಜಿನ್ನು ಉಗುಳುವ ಹೊಗೆ ಒಂದು ಚಕ್ರವನ್ನು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಕೆಲಸ ಮಾಡಿಸುವ ಈ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬುಕಿ 1905ರಲ್ಲಿಯೇ ಪೇಟೆಂಟು ಪಡೆದಿದ್ದರು. ಆದರೆ ಮಾರಾಟದ ಪ್ರಯಾಣಿಕ ಕಾರಿಗೆ ಅದು ಬಂದದ್ದು 1962ರಲ್ಲಿ, ಒಂದೇ ವರ್ಷದಲ್ಲಿ ಎರಡು ಕಾರುಗಳಿಗೆ: ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಒಂದು, ಕಾರ್ವೇರ್ ಮೊಂಜಾ ಸ್ಪೈಡರ್ ಇನ್ನೊಂದು. ಟರ್ಬೊ ಇಲ್ಲದ ಕಾರ್ವೇರಿನ ಬಲಶಾಲಿ ಎಂಜಿನ್ನು ಆ ವರ್ಷ 102 ಅಶ್ವಶಕ್ತಿ ಕೊಡುತ್ತಿತ್ತು. ಅಷ್ಟೇ ಗಾತ್ರದ, ಎಂದರೆ ಸುಮಾರು 2.4 ಲೀಟರಿನ, ಸ್ಪೈಡರ್ ಎಂಜಿನ್ನು 150 ಕೊಟ್ಟಿತು. 1965ರಲ್ಲಿ, 2.7 ಲೀಟರಿನ ಎಂಜಿನ್ನಿನಲ್ಲಿ, ಅದು 180ಕ್ಕೆ ಏರಿತು. 1966ರ ಮಾದರಿಯ ನಂತರ ಕಾರ್ವೇರಿನಲ್ಲಿ ಟರ್ಬೊ ನಿಂತಿತು.

ಇನ್ನು ಕಾರ್ಬ್ಯುರೇಟರು. ಪೆಟ್ರೋಲು ತನ್ನಷ್ಟಕ್ಕೆ ತಾನು ಎಂಜಿನ್ನಿನಲ್ಲಿ ಉರಿಯಲಾರದು. ಅದಕ್ಕೆ ತೂಕದಲ್ಲಿ ತನ್ನ 14.7 ಪಟ್ಟು ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ ಎಂದಾಗುತ್ತದೆ. ಈ ಅಳತೆಯ ಮದುವೆಯನ್ನು ಮಾಡಿಸುವ ಪುರೋಹಿತನೇ ಕಾರ್ಬ್ಯುರೇಟರು. ಗಾಳಿ ಹರಿಯುವ ಕೊಳವೆಯನ್ನು ನಡುವಿನಲ್ಲಿ ಕಿರಿದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಹಾಗೆಯೇ ಇರುವುದರಿಂದ ಅದು ಜೆಟ್ಟಿನ ಸಣ್ಣ ತೂತಿನ ಮೂಲಕ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. ಗಾಳಿ ಹೆಚ್ಚು ಎಳೆದಷ್ಟೂ ಪೆಟ್ರೋಲು ಹೆಚ್ಚು. ಇದರಲ್ಲಿ ಯೋಚಿಸುವ ಮಿದುಳಿಲ್ಲ, ವಿದ್ಯುತ್ತಿಲ್ಲ. ಗಾಳಿಯ ಸ್ವಭಾವವೇ ಲೆಕ್ಕಿಗನಾಗಿ ಕೆಲಸ ಮಾಡುತ್ತದೆ.

ಟರ್ಬೊ ಇರುವ ಎಂಜಿನ್ನಿನಲ್ಲಿ ಈ ಕಾರ್ಬ್ಯುರೇಟರನ್ನು ಎಲ್ಲಿಡಬೇಕು? ಎರಡು ದಾರಿಗಳುಂಟು. ಟರ್ಬೊವಿನ ಆಚೆಗೆ ಇಟ್ಟರೆ ಒತ್ತಿದ ಗಾಳಿ ಕಾರ್ಬ್ಯುರೇಟರಿನೊಳಕ್ಕೆ ಊದುತ್ತದೆ. ಆಗ ಅದರ ಬಟ್ಟಲಿಗೂ ಅದೇ ಒತ್ತಡ ಕೊಡಬೇಕು, ಅಚ್ಚುಗಳಿಂದ ಪೆಟ್ರೋಲು ಹೊರಗೆ ಚಿಮ್ಮದಂತೆ ಮುಚ್ಚಬೇಕು, ಪೆಟ್ರೋಲು ಪಂಪಿನ ಒತ್ತಡವೂ ಜೊತೆಜೊತೆಗೆ ಏರಬೇಕು. ಈಚೆಗೆ ಇಟ್ಟರೆ ಟರ್ಬೊ ಕಾರ್ಬ್ಯುರೇಟರಿನ ಮೂಲಕ ಗಾಳಿಯನ್ನೂ ಪೆಟ್ರೋಲನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಕಾರ್ವೇರಿನ ಎಂಜಿನಿಯರುಗಳು ಈ ಎರಡನೆಯ ದಾರಿ ಹಿಡಿದರು. ಸಾಧಾರಣ ಕಾರ್ವೇರಿಗೆ ಎರಡು ಬದಿಗೆ ಎರಡು ಕಾರ್ಬ್ಯುರೇಟರುಗಳು. ಟರ್ಬೊ ಕಾರ್ವೇರಿಗೆ ಒಂದೇ ಒಂದು, ಪಕ್ಕಕ್ಕೆ ಬಾಯಿ ತೆರೆದ ಕಾರ್ಟರ್ ವೈ. ಎಚ್. (1953ರ ಕಾರ್ವೆಟ್ ಎಂಬ ಕಾರಿನಲ್ಲಿ ಇದೇ ಜಾತಿಯ ಮೂರನ್ನು ಸಾಲಾಗಿ ಕೂರಿಸಿದ್ದರು.) 150 ಅಶ್ವಶಕ್ತಿಯ ಎಂಜಿನ್ನು ಒಂದೇ ಮೂಗಿನ ಹೊಳ್ಳೆಯಿಂದ ಉಸಿರಾಡಬೇಕು!

ಇಲ್ಲಿಯೇ ದೂರು ಹುಟ್ಟುವುದು. “ಅರ್ಧ ಉಸಿರು ಕಟ್ಟಿದ ಈ ಎಂಜಿನ್ನಿಗೆ ದೊಡ್ಡ ಕಾರ್ಬ್ಯುರೇಟರು ಹಾಕಿದರೆ ಇನ್ನೆಷ್ಟು ಬಲ ಬಂದೀತು!” ಎಂದು ಯಾರಿಗಾದರೂ ತೋರುವುದು ಸಹಜ. ಜೊತೆಗೆ ಹೊಗೆಯ ಕೊಳವೆಗೆ ಸಲೀಸಾದ ಸೈಲೆನ್ಸರು ಹಾಕಿದರೆ ಇನ್ನೂ ಲೇಸು ಎನ್ನುತ್ತಾರೆ. ಈ ವಾದ ಮಾಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕಾರ್ವೇರಿನ ಟರ್ಬೊವಿಗೆ ಒತ್ತಡ ಮಿತಿಮೀರಿದಾಗ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು ಇಲ್ಲ. ಜೆಟ್‌ಫೈರಿಗೆ ಆ ಬಾಗಿಲು ಇತ್ತು, ಈಗಿನ ಟರ್ಬೊ ಕಾರುಗಳಿಗೂ ಸಾಮಾನ್ಯವಾಗಿ ಇರುತ್ತದೆ, ಇದಕ್ಕೆ ಮಾತ್ರ ಇಲ್ಲ. ಹಾಗಾದರೆ ಒತ್ತಡಕ್ಕೆ ಕಡಿವಾಣ ಯಾವುದು? ಆ ಕಿರುಬಾಯಿಯೇ ಕಡಿವಾಣ. ಟರ್ಬೊ ಹೆಚ್ಚು ಹೆಚ್ಚು ತಿರುಗಿ ಎಳೆದಂತೆಲ್ಲ ಕಾರ್ಬ್ಯುರೇಟರಿನ ಇಕ್ಕಟ್ಟಿನಲ್ಲಿ ಒತ್ತಡ ಬೀಳುತ್ತ ಹೋಗುತ್ತದೆ. ಒಳಬರುವುದೇ ಕಡಮೆಯಾದ ಮೇಲೆ ಒತ್ತುವುದೇನನ್ನು? ಅತ್ತ ಸೈಲೆನ್ಸರಿನ ತಡೆಯೂ ಹೊಗೆಯ ರಭಸವನ್ನು ತಗ್ಗಿಸುತ್ತದೆ. ಒಂದು ತಡೆ ಬರುವ ದಾರಿಯಲ್ಲಿ, ಒಂದು ಹೋಗುವ ದಾರಿಯಲ್ಲಿ. ಇವೆರಡರ ನಡುವೆ ಎಂಜಿನ್ನು ಸುರಕ್ಷಿತ. ಕೆರೆಯ ತೂಬು ಕಿರಿದಾಯಿತೆಂದು ಏರಿಯನ್ನೇ ಒಡೆಯುವವನನ್ನು ನಾವು ಜಾಣ ಎನ್ನುತ್ತೇವೆಯೆ?

ದೊಡ್ಡ ಕಾರ್ಬ್ಯುರೇಟರು ಹಾಕಿದವರಿಗೆ ಮೊದಲು ಕೆಲವು ದಿನ ಸಂತೋಷವೇ. ಗೇಜಿನ ಮುಳ್ಳು ಹಿಂದೆಂದೂ ಕಾಣದ ಕಡೆಗೆ ಹೋಗುತ್ತದೆ. ಆದರೆ ನಿಧಾನದ ಓಟದಲ್ಲಿ ಅಗಲ ಬಾಯಿಯೊಳಗೆ ಗಾಳಿ ಸೋಮಾರಿಯಾಗಿ ಹರಿಯುವುದರಿಂದ ಪೆಟ್ರೋಲು ಸರಿಯಾಗಿ ಚಿಮ್ಮುವುದಿಲ್ಲ, ಹನಿಹನಿಯಾಗಿ ಗೋಡೆಗೆ ಅಂಟುತ್ತದೆ. ಕಾಲಿಟ್ಟ ಕೂಡಲೆ ಎಂಜಿನ್ನು ಕೆಮ್ಮುತ್ತದೆ. ಇದನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಸ್ಫೋಟನ, ನಮ್ಮ ಗ್ಯಾರೇಜುಗಳಲ್ಲಿ ಇದನ್ನೇ ನಾಕಿಂಗ್ ಎನ್ನುತ್ತಾರೆ. ಕಿಡಿಯಿಂದ ಹೊತ್ತಿದ ಉರಿ ಸಿಲಿಂಡರಿನಲ್ಲಿ ಕ್ರಮವಾಗಿ ಹರಡಬೇಕು. ಒತ್ತಡವೂ ಬೇಗೆಯೂ ಮಿತಿಮೀರಿದರೆ, ಉರಿ ತಲುಪುವ ಮುಂಚೆಯೇ ದೂರದ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಪಿಸ್ಟನ್ನಿಗೆ ತೂತು ಬೀಳುವುದು ಹೀಗೆ. ಎಂಜಿನ್ನು ಮುಂದಿರುವ ಕಾರಿನಲ್ಲಿ ಈ ಸದ್ದು ಕಿವಿಗೆ ಬಿದ್ದೀತು. ಕಾರ್ವೇರಿನಲ್ಲಿ ಅದು ಬೆನ್ನ ಹಿಂದೆ, ಫ್ಯಾನಿನ ಆರ್ಭಟದೊಳಗೆ ಮುಳುಗಿ ಹೋಗುತ್ತದೆ.

ನೀರಿನ ಎಂಜಿನ್ನಿಗಿಂತ ಗಾಳಿಯ ಎಂಜಿನ್ನಿಗೆ ಈ ಭಯ ಹೆಚ್ಚು. ನೀರು ಬಿಸಿಯ ಜಾಗದಿಂದ ಬೇಗೆಯನ್ನು ಬೇಗ ಎತ್ತಿ ಎಲ್ಲ ಕಡೆಗೂ ಹಂಚುತ್ತದೆ. ಗಾಳಿಗೆ ಆ ಸಾಮರ್ಥ್ಯವಿಲ್ಲ. ಒಂದು ಸಿಲಿಂಡರು ಇನ್ನೊಂದಕ್ಕಿಂತ ಬಿಸಿಯಾಗಿಯೇ ಉಳಿಯುತ್ತದೆ, ಮತ್ತು ಆರರಲ್ಲಿ ಅತಿ ಬಿಸಿಯಾದುದು ಯಾವುದೋ ಅದರ ಸಹನೆಯೇ ಇಡೀ ಎಂಜಿನ್ನಿನ ಸಹನೆ. ಅಲ್ಯೂಮಿನಿಯಮ್ ಹೆಡ್ಡು ಅತಿಯಾಗಿ ಕಾದರೆ ಅದರಲ್ಲಿ ಬಿಗಿದು ಕೂರಿಸಿದ ಉಕ್ಕಿನ ವಾಲ್ವ್ ಸೀಟು ಸಡಿಲವಾಗಿ ಕಳಚಿ ಬೀಳುವುದುಂಟು. ತಯಾರಕರಿಗೆ ಇದೆಲ್ಲ ತಿಳಿದಿತ್ತು. ಆದಕಾರಣವೇ ಅವರು ಸ್ಪೈಡರಿನಲ್ಲಿ ಚಾಲಕನ ಕಣ್ಣ ಮುಂದೆ ಎರಡು ಗೇಜುಗಳನ್ನಿಟ್ಟರು: ಒಂದು ಒತ್ತಡದ್ದು, ಇನ್ನೊಂದು ಹೆಡ್ಡಿನ ಬೇಗೆಯದು. ಸಿಲಿಂಡರಿನೊಳಗಿನ ಒತ್ತುವಿಕೆಯನ್ನು 8ಕ್ಕೆ 1ರ ಪ್ರಮಾಣಕ್ಕೆ ಇಳಿಸಿದರು. ಕಿಡಿಯ ವಿಷಯದಲ್ಲಂತೂ ಒಂದು ಜಾಣತನ ಮಾಡಿದರು. ಇತರ ಕಾರುಗಳ ಡಿಸ್ಟ್ರಿಬ್ಯೂಟರಿನಲ್ಲಿ ಎಂಜಿನ್ನಿನ ಹೀರುವಿಕೆಯಿಂದ ಕಿಡಿಯನ್ನು ಮುಂದಕ್ಕೆ ತರುವ ಬಟ್ಟಲೊಂದಿರುತ್ತದೆ. ಇವರು ಅದನ್ನು ತೆಗೆದು, ಟರ್ಬೊವಿನ ಒತ್ತಡ ಬಂದಾಗ ಕಿಡಿಯನ್ನು ಹಿಂದಕ್ಕೆ ತಳ್ಳುವ ಬಟ್ಟಲನ್ನು ಹಾಕಿದರು. ಹೀಗಾಗಿ ಸುಮ್ಮನೆ ನಿಂತು ತಿರುಗುವಾಗ 24 ಡಿಗ್ರಿಯಷ್ಟು ಮುಂಚೆಯೇ ಕಿಡಿ ಕೊಡಲು ಸಾಧ್ಯವಾಯಿತು, ಭಾರ ಬಂದಾಗ ಅದು ತಾನಾಗಿ ಹಿಂಜರಿಯುತ್ತದೆ. ಆ ಬಟ್ಟಲಿನ ಪೊರೆ ಹರಿದಿದ್ದರೆ ಕಾರ್ಬ್ಯುರೇಟರನ್ನು ಎಷ್ಟು ತಿರುವಿದರೂ ವ್ಯರ್ಥ.

ಈ ಕೊನೆಯ ಮಾತೇ ಟ್ಯೂನಿಂಗ್ ಎಂಬ ವಿದ್ಯೆಯ ಮೊದಲ ಪಾಠ. ನನ್ನ ಸೋದರಮಾವ ಒಬ್ಬರು ಮೋಟಾರ್ ಸೈಕಲ್ ಮೆಕ್ಯಾನಿಕ್ಕು. ಕಾರ್ವೇರ್ ಎಂಬ ಹೆಸರನ್ನು ಅವರು ಕೇಳಿದ್ದು ನನ್ನಿಂದಲೇ. ಆದರೆ ಕಾರ್ಖಾನೆಯ ಕೈಪಿಡಿಯ ಹಲವು ಪುಟಗಳ ಸಾರವನ್ನು ಅವರು ನನಗೆ ಹೈಸ್ಕೂಲಿನ ದಿನಗಳಲ್ಲಿಯೇ ಒಂದು ಸಾಲಿನಲ್ಲಿ ಹೇಳಿದ್ದರು: “ಅಳಿಯಾ, ಮೊದ್ಲು ಬೆಂಕಿ ನೋಡು, ಆಮೇಲೆ ಗಾಳಿ ನೋಡು, ಪೆಟ್ರೋಲ್ ತಂಟೆಗೆ ಕಡೇಲಿ ಹೋಗು.” ಬೆಂಕಿಯೆಂದರೆ ಪ್ಲಗ್ಗು, ಪಾಯಿಂಟು, ಕಿಡಿಯ ವೇಳೆ. ಗಾಳಿಯೆಂದರೆ ಎಲ್ಲಿಯಾದರೂ ಸೋರಿಕೆ ಇದೆಯೇ ಎಂಬುದು. ಇವೆರಡನ್ನು ನೋಡದೆ ಸ್ಕ್ರೂ ಡ್ರೈವರು ಹಿಡಿಯುವವನು ಜ್ವರದ ಕಾರಣ ತಿಳಿಯದೆ ಮದ್ದು ಕೊಡುವ ವೈದ್ಯನಂತೆ.

ಟರ್ಬೊ ಕಾರ್ವೇರಿನಲ್ಲಿ ಗಾಳಿಯ ಪರೀಕ್ಷೆಗೆ ಇಮ್ಮಡಿ ಮಹತ್ವ. ಕಾರ್ಬ್ಯುರೇಟರಿನಿಂದ ಟರ್ಬೊವಿಗೆ, ಅಲ್ಲಿಂದ ಕೊಳವೆಯ ಮೂಲಕ ಎರಡು ಕಡೆಯ ಹೆಡ್ಡುಗಳಿಗೆ ಮಿಶ್ರಣ ಬಹುದೂರ ಸಾಗಬೇಕು. ಟರ್ಬೊವಿನ ಆಚೆಯ ಒಂದು ಕೀಲು ಸಡಿಲವಾಗಿದೆ ಎನ್ನೋಣ. ಮೆಲ್ಲಗೆ ಹೋಗುವಾಗ ಅದು ಹೊರಗಿನ ಗಾಳಿಯನ್ನು ಒಳಕ್ಕೆ ಹೀರಿ ಮಿಶ್ರಣವನ್ನು ತೆಳು ಮಾಡುತ್ತದೆ. ಒತ್ತಡ ಬಂದಾಗ ಅದೇ ಕೀಲಿನಿಂದ ಮಿಶ್ರಣ ಹೊರಕ್ಕೆ ಬರುತ್ತದೆ. ಹೊರಗೆ ಬರುವುದು ಬರಿಯ ಗಾಳಿಯಲ್ಲ, ಪೆಟ್ರೋಲು ಬೆರೆತ ಗಾಳಿ. ಪಕ್ಕದಲ್ಲಿಯೇ ಕಾದು ಕೆಂಪಾಗುವ ಹೊಗೆಯ ಚಕ್ರದ ಮನೆ. ಹಳೆಯ ರಬ್ಬರು ಕೊಳವೆಯ ಬೆಲೆ ಉಳಿಸಲು ಹೋಗಿ ಕಾರನ್ನೇ ಸುಟ್ಟುಕೊಳ್ಳುವ ಸಂಭವ ಇಲ್ಲಿದೆ. ಊದುವ ಪದ್ಧತಿಯವರಿಗೆ ಕೊಳವೆಯಲ್ಲಿ ಈ ಅಪಾಯ ಕಡಮೆ ಎಂಬುದನ್ನು ನಾನು ಒಪ್ಪುತ್ತೇನೆ.

ಆಮೇಲೆ ಪೆಟ್ರೋಲು. ಅದರಲ್ಲಿಯೂ ಮೊದಲು ಬಟ್ಟಲಿನ ಮಟ್ಟ. ಫ್ಲೋಟು ಒಂದಿಷ್ಟು ಎತ್ತರದಲ್ಲಿ ನಿಂತರೆ ಎಲ್ಲ ವೇಗಗಳಲ್ಲಿಯೂ ಮಿಶ್ರಣ ದಟ್ಟ, ತಗ್ಗಿನಲ್ಲಿ ನಿಂತರೆ ಎಲ್ಲದರಲ್ಲಿಯೂ ತೆಳು. ಆದ್ದರಿಂದ ಇದನ್ನು ಸರಿಪಡಿಸದೆ ಜೆಟ್ಟು ಬದಲಾಯಿಸುವುದು ತಕ್ಕಡಿಯ ಮುಳ್ಳು ನೋಡದೆ ಬೊಟ್ಟು ಬದಲಾಯಿಸಿದಂತೆ. ಆಮೇಲೆ ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ, ಚೋಕು ಪೂರ್ತಿ ತೆರೆದಿರುವುದನ್ನು ಕಣ್ಣಾರೆ ನೋಡಿ, ಐಡ್ಲಿಂಗಿನ ಸ್ಕ್ರೂ. ಮೆಲ್ಲಗೆ ಒಳಕ್ಕೆ ತಿರುವಿದರೆ ಎಂಜಿನ್ನು ತಡವರಿಸುತ್ತದೆ, ಹೊರಕ್ಕೆ ತಿರುವುತ್ತ ಬಂದರೆ ಸುಗಮವಾಗುತ್ತದೆ, ಇನ್ನೂ ತಿರುವಿದರೆ ಭಾರವಾಗಿ ಗುರುಗುಟ್ಟುತ್ತದೆ. ನಡುವಿನ ಸುಗಮ ಜಾಗದಲ್ಲಿ ಬಿಡಬೇಕು. ಇಲ್ಲಿ ಒಂದು ಸ್ವಾರಸ್ಯವುಂಟು. ಕಾರ್ಟರಿನ ಈ ಸ್ಕ್ರೂ ಪೆಟ್ರೋಲನ್ನು ಹಿಡಿಯುವಂಥದು. ಒಳಕ್ಕೆ ತಿರುವಿದರೆ ಪೆಟ್ರೋಲು ಕಡಮೆ. ನಮ್ಮ ಕಡೆಯ ಎಷ್ಟೋ ಮೋಟಾರ್ ಸೈಕಲುಗಳಲ್ಲಿ ನೋಡಲು ಇಂಥದೇ ಆದ ಸ್ಕ್ರೂ ಗಾಳಿಯನ್ನು ಹಿಡಿಯುತ್ತದೆ. ಒಳಕ್ಕೆ ತಿರುವಿದರೆ ಪೆಟ್ರೋಲಿನ ಪಾಲು ಹೆಚ್ಚು. “ಬಲಕ್ಕೆ ತಿರುವು” ಎಂದು ಬಾಯಿಪಾಠ ಮಾಡಿಕೊಂಡವನು ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಕೆಡಿಸುತ್ತಾನೆ. ಕಾರಣ ತಿಳಿದವನು ಎರಡರಲ್ಲಿಯೂ ಗೆಲ್ಲುತ್ತಾನೆ. ಟ್ಯೂನಿಂಗು ಬರಿಯ ಕೈಗುಣ ಎನ್ನುವವರಿಗೆ ನಾನು ಈ ಒಂದು ಸ್ಕ್ರೂವನ್ನೇ ಉತ್ತರವಾಗಿ ತೋರಿಸುತ್ತೇನೆ.

ಐಡ್ಲಿಂಗು ಸರಿಹೋಯಿತೆಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಆದರೆ ಎಂಜಿನ್ನು ಸಾಯುವುದು ನಿಂತಲ್ಲಿ ಅಲ್ಲ, ಏರಿನಲ್ಲಿ, ಪೂರ್ಣ ಒತ್ತಡದಲ್ಲಿ. ಅಲ್ಲಿ ಆ ಸ್ಕ್ರೂವಿನ ಮಾತು ನಡೆಯುವುದಿಲ್ಲ. ದೊಡ್ಡ ಜೆಟ್ಟಿನ ಮಾತೇ ಮಾತು. ಅಲ್ಲಿ ಮಿಶ್ರಣ 14.7ರ ಲೆಕ್ಕದ್ದಾಗಿರದೆ ಹೆಚ್ಚು ದಟ್ಟವಾಗಿರಬೇಕು, ಹನ್ನೊಂದೂವರೆ ಹನ್ನೆರಡರ ಸುಮಾರಿಗೆ. ಉರಿಯಲಾಗದ ಪೆಟ್ರೋಲನ್ನು ಏಕೆ ಕುಡಿಸಬೇಕು? ಅದು ಆವಿಯಾಗುವಾಗ ಮಿಶ್ರಣದ ಬೇಗೆಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಮಡಕೆಯ ಮೈ ಒದ್ದೆಯಾಗಿರುವುದರಿಂದಲೇ ಒಳಗಿನ ನೀರು ತಣ್ಣಗಿರುವಂತೆ. ಎಳೆಯುವ ಪದ್ಧತಿಯಲ್ಲಿ ಪೆಟ್ರೋಲು ಟರ್ಬೊವಿನೊಳಗೇ ಆವಿಯಾಗುತ್ತದೆಯಾದ್ದರಿಂದ ಈ ಲಾಭ ಮೊದಲೇ ಸಿಗುತ್ತದೆ. ಅತಿಯಾದರೆ ಇದಕ್ಕೂ ಕೇಡುಂಟು: ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಎಣ್ಣೆಗೆ ಸೇರುತ್ತದೆ, ಮತ್ತು ಗಾಳಿಯ ಎಂಜಿನ್ನಿನಲ್ಲಿ ಎಣ್ಣೆಯೂ ಅರ್ಧ ತಣಿಸುವ ಕೆಲಸ ಮಾಡುವಂಥದು. ಹಿಂದಿನವರು ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡುತ್ತಿದ್ದರು: ಕಾಫಿಪುಡಿಯ ತಿಳಿಗಂದು ಸರಿ, ಬೂದಿಬಿಳುಪು ಅಪಾಯ, ಮಸಿಗಪ್ಪು ದಂಡ. ಈಗ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಅಂಕಿಯಲ್ಲಿ ತೋರಿಸುವ ಗೇಜು ಸಿಗುತ್ತದೆ. ಅದನ್ನು ಹಾಕಿಕೊಳ್ಳಬೇಕು.

ಈ ಗೇಜಿನ ಮಾತು ಎತ್ತಿದ ಕೂಡಲೆ ಇನ್ನೊಂದು ಪಕ್ಷದವರು ನನ್ನ ಮೇಲೆ ಬೀಳುತ್ತಾರೆ. ಇವರು ಶುದ್ಧಾಚಾರದವರು. ಕಾರ್ಖಾನೆ ಕೊಟ್ಟ ಜೆಟ್ಟು, ಕಾರ್ಖಾನೆ ಕೊಟ್ಟ ಅಳತೆ, ಅದರ ಮೇಲೆ ಮನುಷ್ಯಮಾತ್ರದವನು ಕೈ ಇಡಕೂಡದು ಎನ್ನುತ್ತಾರೆ. ಕಿರುಬಾಯಿಯ ವಿಷಯದಲ್ಲಿ ನಾನು ಇವರ ಕಡೆಗಿದ್ದರೂ ಜೆಟ್ಟಿನ ವಿಷಯದಲ್ಲಿ ಇವರನ್ನು ಬಿಟ್ಟು ಹೊರಡಬೇಕಾಗಿದೆ. ಏಕೆಂದರೆ ಆ ಜೆಟ್ಟನ್ನು ಯಾವ ಪೆಟ್ರೋಲಿಗಾಗಿ ಕೊರೆದಿದ್ದರೋ ಆ ಪೆಟ್ರೋಲು ಈಗ ಬಂಕಿನಲ್ಲಿಲ್ಲ. 1962ರ ಪೆಟ್ರೋಲಿನಲ್ಲಿ ನಾಕಿಂಗ್ ತಡೆಯುವ ಸೀಸ ಇತ್ತು. ಅಮೆರಿಕದ ರಸ್ತೆಗಳಲ್ಲಿ 1996ರಿಂದಲೂ ನಮ್ಮಲ್ಲಿ 2000ದಿಂದಲೂ ಅದು ನಿಷಿದ್ಧ, ಮತ್ತು ನಿಷಿದ್ಧವಾದದ್ದು ಮಕ್ಕಳ ಮಿದುಳಿನ ಪುಣ್ಯ. ಈಗ ಅಮೆರಿಕದ ಪೆಟ್ರೋಲಿನಲ್ಲಿ ಬಹುಪಾಲಿಗೆ ಶೇಕಡಾ 10ರಷ್ಟು ಎಥನಾಲು ಬೆರೆತಿರುತ್ತದೆ. ಎಥನಾಲಿಗೆ ತೂಕದಲ್ಲಿ 9 ಪಟ್ಟು ಗಾಳಿ ಸಾಕು. ಬೆರೆತ ಪೆಟ್ರೋಲಿಗೆ ಬೇಕಾದುದು 14.1 ಪಟ್ಟು ಗಾಳಿ. ಆದರೆ ಹಳೆಯ ಜೆಟ್ಟು 14.7ರ ಲೆಕ್ಕದಲ್ಲಿಯೇ ಹರಿಸುತ್ತದೆ. ಎಂದರೆ ಯಾರೂ ಮುಟ್ಟದೆ, ಯಾವ ಸ್ಕ್ರೂವೂ ತಿರುಗದೆ, ಮಿಶ್ರಣ ಶೇಕಡಾ ನಾಲ್ಕರಷ್ಟು ತೆಳುವಾಗಿದೆ! 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ಪಡೆದು 2025ರ ಹೊತ್ತಿಗೆ ದೇಶದ ಬಂಕುಗಳನ್ನು ಬಹುಮಟ್ಟಿಗೆ ತುಂಬಿದ ಶೇಕಡಾ 20ರ ಪೆಟ್ರೋಲಿನಲ್ಲಿ ಈ ಕೊರತೆ ಶೇಕಡಾ ಎಂಟರ ಹತ್ತಿರ. ಹಳೆಯ ಅಳತೆಗೆ ನಿಷ್ಠರಾಗಿರಬೇಕೆಂದು ಜೆಟ್ಟನ್ನು ಬದಲಾಯಿಸದವರು ಆ ಅಳತೆಯನ್ನೇ ಮೀರುತ್ತಿದ್ದಾರೆ. ಕಾರ್ಖಾನೆಯವರ ಮನಸ್ಸಿನಲ್ಲಿದ್ದದ್ದು ಮಿಶ್ರಣ, ತೂತಲ್ಲ. ಬಾಯಿ ಹಾಗೆಯೇ ಇರಲಿ, ಜೆಟ್ಟು ಒಂದು ಅಳತೆ ದೊಡ್ಡದಾಗಲಿ, ಹಳೆಯ ರಬ್ಬರುಗಳು ಎಥನಾಲು ತಡೆಯುವ ಹೊಸ ರಬ್ಬರುಗಳಾಗಲಿ. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಊರಿನ ಎತ್ತರವೂ ಲೆಕ್ಕಕ್ಕೆ ಬರಬೇಕು. ಸಮುದ್ರದ ಮಟ್ಟದಲ್ಲಿ ಸರಿಮಾಡಿದ ಕಾರ್ಬ್ಯುರೇಟರು ಮೈಲಿ ಎತ್ತರದ ಡೆನ್ವರಿಗೆ ಹೋದರೆ, ಗಾಳಿ ವಿರಳವಾಗಿರುವುದರಿಂದ, ಶೇಕಡಾ ಏಳೆಂಟು ದಟ್ಟವಾಗುತ್ತದೆ. ಮಂಗಳೂರಿನ ಗಾಡಿ ಮಡಿಕೇರಿಯಲ್ಲಿ ಕಪ್ಪು ಹೊಗೆ ಬಿಡುವುದೂ ಇದೇ ಕಾರಣದಿಂದ.

ಮೂರನೆಯ ಪಕ್ಷದವರು ಎಲ್ಲರಿಗಿಂತ ಬಲಿಷ್ಠರು. “ಈ ಗೋಳೆಲ್ಲ ಏಕೆ? ಕಾರ್ಬ್ಯುರೇಟರನ್ನು ಕಿತ್ತೆಸೆದು ಕಂಪ್ಯೂಟರಿನ ಅಳತೆಯಂತೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಹಾಕಿ” ಎನ್ನುತ್ತಾರೆ. ಇವರ ಬಳಿ ಪುರಾವೆಯೂ ಇದೆ. 1975ರ ಮಾದರಿಯಾಗಿ ಬಂದ ಪೋರ್ಷೆ 911 ಟರ್ಬೊ ಕೂಡ ಹಿಂದೆ ಎಂಜಿನ್ನಿರುವ, ಗಾಳಿಯಿಂದ ತಣಿಯುವ, ಆರು ಸಿಲಿಂಡರಿನ ಕಾರೇ. ಅದರ ತಯಾರಕರು ಕಾರ್ಬ್ಯುರೇಟರಿನ ಗೊಡವೆಗೆ ಹೋಗದೆ ಇಂಜೆಕ್ಷನ್ನನ್ನೂ ಒತ್ತಡದ ಬಾಗಿಲನ್ನೂ ಇಟ್ಟರು, 3 ಲೀಟರಿನಿಂದ 260 ಅಶ್ವಶಕ್ತಿ ಪಡೆದರು. ದಿನವೂ ಕೆಲಸಕ್ಕೆ ಓಡಾಡುವ ಕಾರಿಗೆ ಇಂಜೆಕ್ಷನ್ನೇ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೊಗೆಯೂ ಕಡಮೆ, ಖರ್ಚೂ ಕಡಮೆ. ಆದರೆ ಅಳಿದುಳಿದ ಹಳೆಯ ಸ್ಪೈಡರನ್ನು ಯಾರೂ ಆಫೀಸಿಗೆ ಹೋಗಲು ಇಟ್ಟುಕೊಂಡಿಲ್ಲ. 1962ರಲ್ಲಿ, ಕಂಪ್ಯೂಟರು ಕಾರಿನೊಳಗೆ ಹಿಡಿಸದಿದ್ದ ಕಾಲದಲ್ಲಿ, ಒಂದು ಇಕ್ಕಟ್ಟಾದ ರಂಧ್ರ, ಒಂದು ಸೈಲೆನ್ಸರು, ಒಂದು ರಬ್ಬರು ಪೊರೆ ಇಷ್ಟರಿಂದಲೇ ಟರ್ಬೊವನ್ನು ಹದ್ದಿನಲ್ಲಿಟ್ಟವರ ಯೋಚನೆಯನ್ನು ನೋಡಲೆಂದೇ ಅದನ್ನು ಇಟ್ಟುಕೊಂಡಿರುವುದು. ಅದೇ ವರ್ಷದ ಜೆಟ್‌ಫೈರಿನವರು ನೀರೂ ಮದ್ಯಸಾರವೂ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಿಂದ ಚಿಮ್ಮಿಸಿ ನಾಕಿಂಗ್ ತಡೆದರು. ಮಾಲೀಕರು ತೊಟ್ಟಿ ತುಂಬಲು ಮರೆತರು. 1963ರ ನಂತರ ಆ ಕಾರು ಬರಲಿಲ್ಲ. ಕಾರ್ವೇರಿನ ಉಪಾಯಕ್ಕೆ ಯಾರೂ ಏನನ್ನೂ ತುಂಬಬೇಕಾಗಿರಲಿಲ್ಲ.

ಈಗ ಬಿ. ಎ. ವಿದ್ಯಾರ್ಥಿಯ ಉಸಾಬರಿಯ ಮಾತು. ಈ ಕಾರನ್ನು ನಾನು ಚಿತ್ರಗಳಲ್ಲಿಯೂ ಕೈಪಿಡಿಯ ಪ್ರತಿಯಲ್ಲಿಯೂ ಬಲ್ಲೆ, ಓಡಿಸಿದವನಲ್ಲ. ಆದರೆ ಅಲ್ಲಿಯವರ ಒಂದು ನಡತೆ ನನ್ನನ್ನು ಕೆಣಕುತ್ತಿದೆ. ಕಾರ್ವೇರಿನ ತಯಾರಿಕೆ ನಿಂತ 1969ರಲ್ಲಿಯೇ ಅದರ ಮಾಲೀಕರು ಅಮೆರಿಕದಲ್ಲಿ ಒಂದು ಸಂಘ ಕಟ್ಟಿಕೊಂಡರು. ಯಾವ ಜೆಟ್ಟು, ಯಾವ ಅಳತೆ, ಯಾವ ರೋಗಕ್ಕೆ ಯಾವ ಕಾರಣ ಎಂಬುದನ್ನೆಲ್ಲ ಬರೆದರು, ಅಚ್ಚು ಮಾಡಿದರು, ಪರಸ್ಪರ ಜಗಳವಾಡಿದರು. ಆದುದರಿಂದಲೇ ಸಮುದ್ರದಾಚೆಯ ನಾನು ಇಂದು ಅವರ ಜಗಳದಲ್ಲಿ ಒಂದು ಪಕ್ಷ ಹಿಡಿಯಲು ಸಾಧ್ಯವಾಗಿದೆ. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಮೋಟಾರ್ ಸೈಕಲುಗಳನ್ನು ತಯಾರಿಸಿತು. ಅವೂ ಗಾಳಿಯಿಂದ ತಣಿಯುವ ಎಂಜಿನ್ನುಗಳೇ, ಅವಕ್ಕೂ ಕಾರ್ಬ್ಯುರೇಟರುಗಳೇ. ಅವುಗಳನ್ನು ಕಿವಿಯಿಂದಲೇ ಹದಮಾಡುವವರು ಈ ಸೀಮೆಯ ಊರೂರಿನಲ್ಲಿದ್ದಾರೆ. ನಮ್ಮ ಗ್ರಂಥಾಲಯದಲ್ಲಿ ಈ ವಿದ್ಯೆಯ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವಾದರೂ ಇದ್ದೀತೆಂದು ಎರಡು ದಿನ ಹುಡುಕಿದೆ; ಸಿಗಲಿಲ್ಲ. 2020ರ ಹೊಸ ನಿಯಮಗಳ ನಂತರ ನಮ್ಮ ಹೊಸ ದ್ವಿಚಕ್ರಗಳಿಂದ ಕಾರ್ಬ್ಯುರೇಟರು ಬಹುಮಟ್ಟಿಗೆ ಹೊರಟುಹೋಗಿದೆ. ಕಲಿಯುವ ಹುಡುಗರು ಗ್ಯಾರೇಜಿಗೆ ಬಂದರೂ ಸ್ಕ್ಯಾನರು ಹಿಡಿಯಲು ಬರುತ್ತಾರೆ.

ನನ್ನ ಮಾವನವರಿಗೆ ಏಳನೆಯ ತರಗತಿಯಾಗಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಕಾರಣಕ್ಕೆ ಅವರು ಎಲ್ಲರೆದುರಿಗೆ ನನ್ನನ್ನು ‘ಓದಿದೋನು’ ಎಂದೂ ತಮ್ಮನ್ನು ‘ನಮ್ಮಂಥ ದಡ್ಡರು’ ಎಂದೂ ಕರೆಯುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಗಾಡಿ “ಮಿಸ್ಸಿಂಗ್ ಹೊಡೀತಿದೆ”, “ಪಿಕಪ್ ಇಲ್ಲ”, “ಸೀದು ಓಡ್ತಿದೆ”, “ಪೆಟ್ರೋಲ್ ಕುಡೀತಿದೆ” ಎಂದು ಅವರು ಬೇರೆಬೇರೆಯಾಗಿ ಹೇಳುವ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಬೇರೆ ಕಾರಣವಿದೆ, ಬೇರೆ ಪರೀಕ್ಷೆಯಿದೆ, ಬೇರೆ ಪರಿಹಾರವಿದೆ. ಚಿಹ್ನೆಯಿಂದ ಕಾರಣಕ್ಕೆ ಹೋಗುವುದು, ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುವುದು, ಉಳಿದುದನ್ನು ಹಿಡಿಯುವುದು. ತರ್ಕಶಾಸ್ತ್ರದ ಪಾಠದಲ್ಲಿ ನಮಗೆ ಹೇಳಿಕೊಡುವುದು ಇದನ್ನೇ ಅಲ್ಲವೆ? ಅದನ್ನು ಕಲಿತ ನಮಗೆ ಪದವಿ, ದಿನವೂ ನಡೆಸುವವರಿಗೆ ದಡ್ಡರೆಂಬ ಹೆಸರು, ಇದು ಯಾವ ನ್ಯಾಯ? ಇವರಿಗೆ ಸನ್ಮಾನ ಮಾಡಿ ಶಾಲು ಹೊದಿಸಬೇಕೆಂದು ನಾನು ಹೇಳುತ್ತಿಲ್ಲ. ಶಾಲಿಗೆ ಗ್ರೀಸು ಹತ್ತೀತು. ಇವರ ಮಾತನ್ನು ಬರೆದುಕೊಳ್ಳಬೇಕೆಂದು ಹೇಳುತ್ತಿದ್ದೇನೆ.

ಕನ್ನಡ ವಿಭಾಗದವರು ವರ್ಷವರ್ಷವೂ ಹಳ್ಳಿಗಳಿಗೆ ಹೋಗಿ ಗಾದೆಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಸಂಗ್ರಹಿಸುತ್ತಾರೆ. ಅದು ಶ್ಲಾಘ್ಯವಾದ ಕೆಲಸ. ಮುಂದಿನ ವರ್ಷದ ತರಗತಿಯಲ್ಲಿ ಒಂದಿಬ್ಬರಾದರೂ ಹಳ್ಳಿಗೆ ಹೋಗುವ ಬದಲು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜುಗಳ ಸಾಲಿಗೆ ಹೋಗಲೆಂದು ನಮ್ಮ ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ಪ್ರತಿಯೊಂದು ಸದ್ದಿಗೂ ಅವರಿಟ್ಟ ಹೆಸರೇನು, ಅದಕ್ಕೆ ಅವರು ಕೊಡುವ ಕಾರಣವೇನು, ಶೇಕಡಾ 20ರ ಪೆಟ್ರೋಲು ಬಂದ ಮೇಲೆ ಹಳೆಯ ಗಾಡಿಗಳಿಗೆ ಅವರು ಯಾವ ಜೆಟ್ಟು ಹಾಕುತ್ತಿದ್ದಾರೆ, ಇಷ್ಟನ್ನು ಕೇಳಿ ಬರೆದುಕೊಂಡರೂ ಒಂದು ಒಳ್ಳೆಯ ಪ್ರಬಂಧವಾದೀತು. ನಮ್ಮ ಮಾವನವರ ಅಂಗಡಿ ಮಂಗಳವಾರ ಬಿಟ್ಟು ಉಳಿದ ದಿನ ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಹನ್ನೊಂದರ ಮೇಲೆ ಗಿರಾಕಿಗಳ ಗಲಾಟೆ. ಅದಕ್ಕೆ ಮುಂಚೆ ಹೋದರೆ ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಹೇಳುತ್ತಾರೆ.